ಲುಂಗಿ ಉಟ್ಟು ಬಂದವನಿಗೆ "ಬಟ್ಟೆ ಹಾಕ್ಕೊಂಡು ಬಾ" ಅಂದವರಿಗೆ

ಹೋದ ಸೋಮವಾರ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ನಮ್ಮ ಕೇರಿಗೆ ಸ್ಮಶಾನದ ಜಾಗ ಕೊಡಿ ಅಂತ ಹಾಕಿದ ಅರ್ಜಿ ಒಂದೂವರೆ ವರ್ಷದಿಂದ ಅಲ್ಲೇ ಬಿದ್ದಿದೆ. ಬಿಸಿಲು ಅಂದ್ರೆ ಬಿಸಿಲು. ನಾನು ಉಟ್ಟಿದ್ದು ನೀಲಿ ಚೌಕಳಿ ಲುಂಗಿ, ಮೇಲೊಂದು ಬಿಳಿ ಶರ್ಟು. ಎರಡೂ ಒಗೆದು ಇಸ್ತ್ರಿ ಮಾಡಿದ್ದವು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ನನ್ನ ಅರ್ಜಿ ನೋಡಲಿಲ್ಲ. ಸೊಂಟದಿಂದ ಕೆಳಗೆ ನೋಡಿದರು.

"ಏನ್ರೀ ಇದು? ಆಫೀಸಿಗೆ ಬರೋವಾಗ ಬಟ್ಟೆ ಹಾಕ್ಕೊಂಡು ಬರೋಕಾಗಲ್ವಾ?"

ನಾನು ಒಂದು ಸಲ ನನ್ನನ್ನೇ ನೋಡಿಕೊಂಡೆ. "ಹಾಕ್ಕೊಂಡೇ ಇದೀನಲ್ಲ ಸಾರ್" ಅಂದೆ.

"ಅದಲ್ಲರೀ. ಪ್ಯಾಂಟು. ಇದೇನು ನಿಮ್ಮನೆ ಜಗಲೀನಾ?"

ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದರು. ಊರಿನ ದೊಡ್ಡ ಮನೆಯವರು, ಹಿಂದೆ ಯಾವುದೋ ಚುನಾವಣೆ ಗೆದ್ದಿದ್ದವರು. ಗಂಜಿ ಹಾಕಿ ಗರಿಗರಿ ಮಾಡಿದ ಬಿಳಿ ಪಂಚೆ, ಜರಿ ಅಂಚು. ಗುಮಾಸ್ತರು ಎದ್ದು ನಿಂತರು. ಕುರ್ಚಿ ಬಂತು, ಟೀ ಬಂತು. ನಾನು ಗೋಡೆಗೆ ಒರಗಿ ನಿಂತು ಲೆಕ್ಕ ಹಾಕಿದೆ. ಅವರ ಸೊಂಟಕ್ಕೂ ಒಂದು ಬಟ್ಟೆ ಸುತ್ತಿದೆ. ನನ್ನ ಸೊಂಟಕ್ಕೂ ಒಂದು ಬಟ್ಟೆ ಸುತ್ತಿದೆ. ಇಬ್ಬರಿಗೂ ಕಾಲಿನ ಮಧ್ಯೆ ಹೊಲಿಗೆ ಇಲ್ಲ. ಇನ್ನೂ ಹೇಳಬೇಕು ಅಂದ್ರೆ ನನ್ನದು ಸುತ್ತಲೂ ಹೊಲಿದ ಲುಂಗಿ, ಅವರದ್ದು ಬಿಡಿ ಬಟ್ಟೆ. ಗಾಳಿ ಬಂದ್ರೆ ಮೊದಲು ಹಾರೋದು ಅವರದ್ದೇ.

ಆದ್ರೆ ಅವರದ್ದು ಸಂಸ್ಕೃತಿ. ನನ್ನದು ಅಸಭ್ಯತೆ.

ಗುಮಾಸ್ತರ ತಲೆಯ ಮೇಲೆ ಗೋಡೇಲಿ ಎರಡು ಫೋಟೋ ಇದ್ದವು. ಒಂದರಲ್ಲಿ ಮೊಣಕಾಲಿನ ತನಕ ತುಂಡು ಬಟ್ಟೆ ಉಟ್ಟ ಗಾಂಧಿ. ಇನ್ನೊಂದರಲ್ಲಿ ನೀಲಿ ಸೂಟು ಹಾಕಿದ ಬಾಬಾಸಾಹೇಬರು. ಆ ಕಚೇರಿಗೆ ಗಾಂಧಿ ಈಗ ನಡೆದುಕೊಂಡು ಬಂದ್ರೆ ಆ ಗುಮಾಸ್ತರು ಏನು ಹೇಳ್ತಿದ್ದರು ಅಂತ ಯೋಚನೆ ಬಂದು ನಗು ಬಂತು. ಅರ್ಜಿ ಕೆಲಸ ಆಗಲಿಲ್ಲ, ವಾಪಸ್ ಬಂದೆ.

ಇದನ್ನ ಗೆಳೆಯರ ಹತ್ತಿರ ಹೇಳಿಕೊಂಡೆ. ನಿಜವಾಗಿ ನೋವಾಗಿದ್ದು ಅಲ್ಲಿ. ಚಳವಳಿಯಲ್ಲಿ ನನಗಿಂತ ಹಿರಿಯರು, ನಾನು ಅಣ್ಣ ಅಂತ ಕರೆಯೋರು, ಮುಖಕ್ಕೇ ಹೇಳಿದರು: "ತಪ್ಪು ನಿಂದೇ ಕಣೋ. ಬಾಬಾಸಾಹೇಬರು ನಮಗೆ ಸೂಟು ಬೂಟು ಹಾಕಿಸಿ ನಿಲ್ಲಿಸಿದರು. ನೀನು ಮತ್ತೆ ಲುಂಗಿಗೆ ಇಳಿದಿದ್ದೀಯ. ಅವರು ಮರ್ಯಾದೆ ಹೆಂಗೆ ಕೊಡ್ತಾರೆ?"

ಗುಮಾಸ್ತರಿಗೆ ಉತ್ತರ ಕೊಡೋಕೆ ಎರಡು ಸಾಲು ಸಾಕು. ಅಣ್ಣನಿಗೆ ಉತ್ತರ ಕೊಡೋಕೆ ಇಷ್ಟುದ್ದ ಬರೀಬೇಕಾಯ್ತು. ಓದಿ.

ಮೊದಲು ನಾನು ಯಾಕೆ ಲುಂಗಿ ಉಡ್ತೀನಿ ಅಂತ ಹೇಳಿಬಿಡ್ತೀನಿ. ಇದರಲ್ಲಿ ದೊಡ್ಡ ಕ್ರಾಂತಿ ಏನೂ ಇಲ್ಲ. ನನಗೆ ತೊಡೆ ಸಂದೀಲಿ ಹುಳುಕಡ್ಡಿ. ಎರಡು ಬೇಸಿಗೆ ನರಳಿದ್ದೀನಿ. ದಿನವಿಡೀ ಜೀನ್ಸು, ಬೈಕು, ಬೆವರು. ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬು ಹಚ್ಚಿದ್ರೆ ನಾಲ್ಕು ದಿನ ತಣ್ಣಗೆ, ಆಮೇಲೆ ಎರಡರಷ್ಟು. ಆಮೇಲೆ ಚರ್ಮದ ಡಾಕ್ಟರು ಹೇಳಿದರು, ಆ ಟ್ಯೂಬಲ್ಲಿ ಸ್ಟೀರಾಯ್ಡ್ ಇರತ್ತೆ, ಅದು ಹುಳುಕಡ್ಡೀನ ಬೆಳೆಸತ್ತೆ ಅಂತ. ಸರಿಯಾದ ಔಷಧಿ ಬರೆದುಕೊಟ್ಟು, ಬಿಗಿ ಪ್ಯಾಂಟು ಬಿಡಿ, ಗಾಳಿ ಆಡೋ ಹತ್ತಿ ಬಟ್ಟೆ ಉಡಿ ಅಂದರು. ಉಟ್ಟೆ. ವಾಸಿಯಾಯ್ತು. ಅಷ್ಟೇ.

ಇದನ್ನ ಬರೆಯೋಕೆ ನಾಚಿಕೆ ಆಗತ್ತೆ ಅಲ್ವಾ? ನನಗೂ ಆಯ್ತು. ಆದ್ರೆ ನಿಮ್ಮಲ್ಲಿ ಎಷ್ಟು ಜನ ಇದೇ ಪೋಸ್ಟನ್ನ ತೊಡೆ ಕೆರೆದುಕೊಳ್ತಾ ಓದ್ತಿದ್ದೀರಿ ಅಂತ ನನಗೆ ಗೊತ್ತು. ಕಟ್ಟಡ ಕೆಲಸದವರು, ಡೆಲಿವರಿ ಹುಡುಗರು, ಗಾರ್ಮೆಂಟ್ಸಲ್ಲಿ ಇಸ್ತ್ರಿ ಟೇಬಲ್ ಮುಂದೆ ನಿಲ್ಲೋರು, ಹನ್ನೆರಡು ಗಂಟೆ ಪಾಲಿಯೆಸ್ಟರ್ ಯೂನಿಫಾರಂನಲ್ಲಿ ಬೇಯೋ ಸೆಕ್ಯೂರಿಟಿಯವರು. ಇವರೆಲ್ಲ ಯಾವ ಜಾತಿಯವರು ಅಂತ ಲೆಕ್ಕ ಹಾಕಿ. ಎಸಿ ರೂಮಲ್ಲಿ ಕೂತವನಿಗೆ ಪ್ಯಾಂಟು ಒಂದು ಬಟ್ಟೆ. ಬಿಸಿಲಲ್ಲಿ ದುಡಿಯೋನಿಗೆ ಅದು ದಿನಾ ತೊಡೆ ಸುಡೋ ಕೆಂಡ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆ ಬಂತು ಅಂದ್ರೆ ಸರ್ಕಾರಿ ಕಚೇರಿ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚೋ ಆದೇಶ ಬರತ್ತೆ. ಒಳ್ಳೇದು. ಅಂದ್ರೆ ಬಿಸಿಲಿಗೆ ತಕ್ಕಂತೆ ಗಡಿಯಾರ ಬದಲಾಗಬಹುದು ಅಂತ ಸರ್ಕಾರ ಒಪ್ಪಿಕೊಂಡಿದೆ. ಬಟ್ಟೆ ಮಾತ್ರ ಬದಲಾಗಬಾರದಂತೆ. ಗಡಿಯಾರಕ್ಕಿರೋ ಕರುಣೆ ನಮ್ಮ ತೊಡೆಗೆ ಇಲ್ಲ.

ಈಗ ಅಣ್ಣನ ಮಾತಿಗೆ ಬರ್ತೀನಿ. ಮರ್ಯಾದೆ.

ನಮ್ಮಪ್ಪ ಜೀತಕ್ಕಿದ್ದೋರು. 1976ರಲ್ಲೇ ಜೀತ ನಿಷೇಧ ಕಾಯ್ದೆ ಬಂತು, ನಮ್ಮೂರಿಗೆ ಅದು ನಡೆದುಕೊಂಡು ಬರೋಕೆ ಇನ್ನೂ ಹತ್ತು ವರ್ಷ ಹಿಡೀತು. ಅಪ್ಪ ಗದ್ದೆಯಿಂದ ಬರೋವಾಗ ಲುಂಗಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿರೋರು. ಕಾಲೆಲ್ಲ ಕೆಸರು. ದಾರೀಲಿ ಗೌಡರ ಜಗಲಿ. ಜಗಲಿ ಇನ್ನೂ ಇಪ್ಪತ್ತು ಮಾರು ದೂರ ಇರುವಾಗಲೇ ಅಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಗೋದು. ಎತ್ತಿ ಕಟ್ಟಿದ್ದ ಲುಂಗಿ ಕೆಸರು ಕಾಲಿನ ಮೇಲೆ ಇಳಿಯೋದು. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಹೋಗೋದು. ಮೆಟ್ಟು ಕೈಗೆ ಬರೋದು. ಜಗಲಿ ಮೇಲೆ ಯಾರೂ ಇಲ್ಲದಿದ್ರೂ ಅಷ್ಟೇ. ಖಾಲಿ ಜಗಲಿಗೂ ಅಪ್ಪನ ಲುಂಗಿ ಇಳೀತಿತ್ತು.

ಮನೆಗೆ ಬಂದ ಮೇಲೆ ಅವ್ವ ಗೊಣಗೋಳು. ಲುಂಗಿ ಅಂಚಿನ ಕೆಸರು ಎಷ್ಟು ಉಜ್ಜಿದ್ರೂ ಹೋಗ್ತಿರಲಿಲ್ಲ. ಗೌಡರ ಮರ್ಯಾದೆ ಒಗೆಯೋದು ನಮ್ಮವ್ವನ ಕೆಲಸ ಆಗಿತ್ತು.

ಹಾಸ್ಟೆಲ್ ಸೇರಿದ ಮೇಲೆ, ಎಂಟನೇ ಕ್ಲಾಸಲ್ಲಿ ನನಗೆ ಮೊದಲನೇ ಪ್ಯಾಂಟು ಬಂತು. ಸರ್ಕಾರ ಕೊಟ್ಟ ಬಟ್ಟೆ, ದೊಗಳೆ, ಸೊಂಟಕ್ಕೆ ಉಡುದಾರ ಬಿಗಿದು ನಿಲ್ಲಿಸಿದ್ದೆ. ರಜೆಗೆ ಊರಿಗೆ ಹೋದಾಗ ಅಪ್ಪ ನನ್ನನ್ನ ಬೇಕಂತಲೇ ಆ ಜಗಲಿ ಮುಂದೆ ನಡೆಸಿಕೊಂಡು ಹೋದರು. ಪ್ಯಾಂಟಿಗೆ ಇಳಿಸೋದು ಅನ್ನೋದು ಇಲ್ವಲ್ಲ! ಎತ್ತಿ ಕಟ್ಟೋದಿಲ್ಲ, ಇಳಿಸೋದೂ ಇಲ್ಲ. ಅವತ್ತು ಅಪ್ಪನ ಮುಖ ನೋಡಿದ್ದು ನಾನು ಸಾಯೋ ತನಕ ಮರೆಯಲ್ಲ. ಆದ್ದರಿಂದ ಅಣ್ಣಾ, ಪ್ಯಾಂಟು ನಮಗೆ ಏನು ಕೊಟ್ಟಿದೆ ಅಂತ ನನಗೆ ಹೇಳಿಕೊಡಬೇಡ. ನನ್ನ ಮೊದಲನೇ ಬಿಡುಗಡೆ ಆ ದೊಗಳೆ ಪ್ಯಾಂಟಲ್ಲೇ ಆಗಿದ್ದು.

ಆದ್ರೆ ಒಂದು ಪ್ರಶ್ನೆ. ಅವತ್ತು ನಾವು ಗೆದ್ದಿದ್ದು ಪ್ಯಾಂಟನ್ನೋ, ಏನು ಹಾಕಬೇಕು ಅಂತ ನಾವೇ ತೀರ್ಮಾನ ಮಾಡೋ ಹಕ್ಕನ್ನೋ?

ಚರಿತ್ರೆ ನೋಡಿ. ಬಾಬಾಸಾಹೇಬರ ಜಾತಿ ವಿನಾಶ, 1936. ಅದರ ಶುರುವಿನಲ್ಲೇ ಅವರು 1928ರ ಒಂದು ಪತ್ರಿಕಾ ವರದಿಯನ್ನ ಎತ್ತಿಕೊಳ್ತಾರೆ. ಇಂದೋರ್ ಕಡೆಯ ಹಳ್ಳಿಗಳಲ್ಲಿ ಬಲಾಯಿ ಅನ್ನೋ ಅಸ್ಪೃಶ್ಯ ಸಮುದಾಯಕ್ಕೆ ಮೇಲ್ಜಾತಿಯವರು ಹಾಕಿದ ಕಟ್ಟಳೆಗಳ ಪಟ್ಟಿ ಅದು. ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚು, ಚಂದದ ಅಂಚು ಇರೋ ಧೋತರ ಉಡಬಾರದು. ಹೆಂಗಸರು ಚಂದದ ಲಂಗ ರವಿಕೆ ತೊಡಬಾರದು. ಒಪ್ಪದವರಿಗೆ ಬಾವಿ ನೀರು ಬಂದ್, ದನ ಮೇಯಿಸೋದು ಬಂದ್. ನೋಡಿದ್ರಾ? ಧೋತರಕ್ಕೆ ಬೇಡ ಅನ್ನಲಿಲ್ಲ. ಅಂಚಿಗೆ ಬೇಡ ಅಂದರು. ಒಂದು ಬೆರಳಗಲದ ಬಣ್ಣಕ್ಕೆ ಊರೇ ನೀರು ನಿಲ್ಲಿಸ್ತು. ನನ್ನ ಮುಂದೆ ಕುರ್ಚಿ ಹಾಕಿಸಿಕೊಂಡ ಆ ಜರಿ ಅಂಚು ಇದೆಯಲ್ಲ, ಅದರ ವಂಶಾವಳಿ ಇದು.

1930ರಲ್ಲಿ ತಮಿಳುನಾಡಿನ ರಾಮನಾಥಪುರದ ಕಡೆ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದ್ದನ್ನ ಬ್ರಿಟಿಷ್ ಅಧಿಕಾರಿ ಹಟ್ಟನ್ ಜಾತಿ ಬಗ್ಗೆ ಬರೆದ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಗಂಡಸರು ಮೊಣಕಾಲಿನಿಂದ ಕೆಳಗೆ, ಸೊಂಟದಿಂದ ಮೇಲೆ ಬಟ್ಟೆ ಹಾಕಬಾರದು. ಕೋಟು, ಶರ್ಟು, ಬನಿಯನ್ ಯಾವುದೂ ಇಲ್ಲ.

ಈಗ ಇದನ್ನ ನಮ್ಮಪ್ಪನ ಜಗಲಿ ಕಥೆ ಜೊತೆ ಇಟ್ಟು ನೋಡಿ. ಒಂದು ಕಡೆ ಮೊಣಕಾಲಿನಿಂದ ಕೆಳಗೆ ಇಳಿಸಬೇಡ ಅಂದರು. ಇನ್ನೊಂದು ಕಡೆ ನಮ್ಮ ಮುಂದೆ ಮೊಣಕಾಲಿನ ಮೇಲೆ ಎತ್ತಬೇಡ ಅಂದರು. ಈಗ ಕಚೇರೀಲಿ ಪ್ಯಾಂಟು ಹಾಕ್ಕೊಂಡು ಬಾ ಅಂತಾರೆ. ನಮ್ಮ ಹುಡುಗ ಒಳ್ಳೆ ಪ್ಯಾಂಟು ಹಾಕಿ ಕೂಲಿಂಗ್ ಗ್ಲಾಸ್ ಏರಿಸಿದ್ರೆ ಊರಲ್ಲಿ ಹೊಡೀತಾರೆ. 2023ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೇಲಿ ಆಗಿದ್ದು ಇದೇ ಅಂತ ದೂರು ದಾಖಲಾಯ್ತು. ಇಳಿಸಿದ್ರೂ ತಪ್ಪು, ಎತ್ತಿದ್ರೂ ತಪ್ಪು, ಹಾಕಿದ್ರೂ ತಪ್ಪು, ಹಾಕದಿದ್ರೂ ತಪ್ಪು. ಹಂಗಾದ್ರೆ ಅವರ ತಕರಾರು ಬಟ್ಟೆ ಮೇಲೆ ಅಲ್ಲವೇ ಅಲ್ಲ. ಬಟ್ಟೆ ಒಳಗಿರೋ ಮೈ ಮೇಲೆ.

2015ರಲ್ಲಿ ನಮ್ಮ ಸಂಸತ್ತು ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ತಂದಾಗ, ದಲಿತರು ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ತೊಡೋದನ್ನ ತಡೆಯೋದು ಅಪರಾಧ ಅಂತ ಬರೀಬೇಕಾಯ್ತು. ಸ್ವಾತಂತ್ರ್ಯ ಬಂದು 68 ವರ್ಷ ಆದ ಮೇಲೆ, ಹೊಸ ಬಟ್ಟೆಗೆ ಕಾನೂನಿನ ಕಾವಲು! ಬಟ್ಟೆ ಸಣ್ಣ ವಿಷಯ ಅನ್ನೋರು ಈ ಕಲಂ ಒಂದು ಸಲ ಓದಿ.

ಇನ್ನು ಗೋಡೆ ಮೇಲಿನ ಇಬ್ಬರು.

ಗಾಂಧಿ 1921ರಲ್ಲಿ ಮಧುರೈನಲ್ಲಿ ತುಂಡು ಬಟ್ಟೆಗೆ ಇಳಿದರು. 1931ರಲ್ಲಿ ಅದೇ ಬಟ್ಟೇಲಿ ಲಂಡನ್ನಿನ ಅರಮನೆಗೆ ಹೋಗಿ ದೊರೆಯನ್ನ ಕಂಡರು. ಲೋಕ ಕೊಂಡಾಡಿತು. ಕೊಂಡಾಡಲಿ. ಆದ್ರೆ ಬಿಚ್ಚಿ ತ್ಯಾಗಿ ಅನ್ನಿಸಿಕೊಳ್ಳೋಕೆ ಮೊದಲು ಮೈ ಮೇಲೆ ಏನಾದ್ರೂ ಇರಬೇಕು. ನಮ್ಮ ತಾತಂದಿರು ಅದೇ ತುಂಡು ಬಟ್ಟೇಲಿ ಹುಟ್ಟಿ ಅದೇ ತುಂಡು ಬಟ್ಟೇಲಿ ಸತ್ತರು, ಯಾರೂ ಮಹಾತ್ಮ ಅನ್ನಲಿಲ್ಲ. ಅದಕ್ಕೇ ಬಾಬಾಸಾಹೇಬರು ಸೂಟು ಹಾಕಿದಾಗ ಅದು ಬರೀ ಶೋಕಿ ಆಗಿರಲಿಲ್ಲ. ಇಡೀ ಸಮುದಾಯದ ಮೈ ಮೇಲೆ ಹಾಕಿದ್ದ ನಿಷೇಧವನ್ನ ಒಬ್ಬ ಮನುಷ್ಯ ಗುಂಡಿ ಹಾಕಿ ಮುಚ್ಚಿದ್ದು ಅದು.

ಆದ್ರೆ ಅಣ್ಣಾ, 1956ರ ಅಕ್ಟೋಬರ್ 14 ನೆನಪಿದೆಯಾ? ನಾಗಪುರ. ಲಕ್ಷಾಂತರ ಜನರ ಮುಂದೆ ಬೌದ್ಧ ದೀಕ್ಷೆ ತಗೊಂಡ ದಿನ. ಬಾಬಾಸಾಹೇಬರ ಬದುಕಿನ ಅತಿ ದೊಡ್ಡ ದಿನ ಅದು. ಅವತ್ತು ಅವರು ಉಟ್ಟಿದ್ದು ಬಿಳಿ ರೇಷ್ಮೆ ಧೋತರ, ಮೇಲೆ ಬಿಳಿ ಕೋಟು. ಅವತ್ತು ಅವರು ಸೂಟಿನಿಂದ "ಇಳಿದರು" ಅಂತ ಹೇಳೋ ಧೈರ್ಯ ಇದೆಯಾ ನಿನಗೆ? ಕೋರ್ಟಿಗೆ ಸೂಟು, ಸಂಸತ್ತಿಗೆ ಸೂಟು, ದೀಕ್ಷೆಗೆ ಧೋತರ. ತೀರ್ಮಾನ ಅವರದ್ದು. ನಾವು ಕಲೀಬೇಕಾದ್ದು ಅದನ್ನ. ಬಾಬಾಸಾಹೇಬರ ಸೂಟನ್ನ ನಾವೇ ಇನ್ನೊಂದು ಮಡಿ ಬಟ್ಟೆ ಮಾಡಿಕೊಂಡು, ಅದನ್ನ ಹಾಕದವನನ್ನ ಕೀಳು ಅಂದ್ರೆ, ಗುಮಾಸ್ತರ ಕುರ್ಚೀಲಿ ನಾವೇ ಕೂತಂಗಾಯ್ತು.

ಸರಿ, ಪಂಚೆಯಾದ್ರೂ ಎಲ್ಲರಿಗೂ ಮರ್ಯಾದೆ ತರತ್ತಾ? ಅದೂ ಇಲ್ಲ. ಪಂಚೆ ಉಟ್ಟ ದೇವೇಗೌಡರು 1996ರಲ್ಲಿ ಈ ದೇಶದ ಪ್ರಧಾನಿಯಾದರು. ಸಿದ್ದರಾಮಯ್ಯನವರು ಪಂಚೇಲೇ ವಿಧಾನಸೌಧಕ್ಕೆ ಹೋದರು. ಆದ್ರೆ 2024ರ ಜುಲೈನಲ್ಲಿ ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಹೋದಾಗ, ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಗಲಾಟೆ ಆಯ್ತು, ಸದನದಲ್ಲಿ ಚರ್ಚೆ ಆಯ್ತು, ಏಳು ದಿನ ಮಾಲ್ ಮುಚ್ಚಿಸ್ತೀವಿ ಅಂತ ಮಂತ್ರಿಗಳು ಘೋಷಿಸಿದರು. ಅದೇ ವರ್ಷ ಫೆಬ್ರವರೀಲಿ ರಾಜಾಜಿನಗರ ಮೆಟ್ರೋ ಸ್ಟೇಷನ್ನಲ್ಲಿ ಬಟ್ಟೆ ಕೊಳೆ ಅಂತ ಒಬ್ಬ ರೈತರನ್ನ ಒಳಗೆ ಬಿಡಲಿಲ್ಲ. ವಿಡಿಯೋ ಹರಿದಾಡಿದ ಮೇಲೆ ಭದ್ರತಾ ಮೇಲ್ವಿಚಾರಕನನ್ನ ಕೆಲಸದಿಂದ ತೆಗೆದರು.

ಇಲ್ಲಿ ಒಂದು ಮಾತು ಹೇಳಬೇಕು, ನಮ್ಮಲ್ಲೂ ಕೆಲವರಿಗೆ ಇಷ್ಟ ಆಗಲ್ಲ. ಬಾಗಿಲಲ್ಲಿ ನಿಲ್ಲೋ ಸೆಕ್ಯೂರಿಟಿಯವನನ್ನ ಬೈದು ಶೇರ್ ಮಾಡೋದು ಸುಲಭ. ಅವನು ಯಾರು? ನಮ್ಮ ಕೇರಿ ಹುಡುಗ, ಇಲ್ಲಾ ಅಸ್ಸಾಂ, ಒಡಿಶಾದಿಂದ ಬಂದ ಇನ್ನೊಂದು ಕೇರಿ ಹುಡುಗ. ಗುತ್ತಿಗೆ ಕೆಲಸ. ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅಂತ ಅವನಿಗೆ ಹೇಳಿಕೊಟ್ಟೋರು ಮೇಲೆ ಎಸಿ ರೂಮಲ್ಲಿ ಇರ್ತಾರೆ. ಕೆಲಸ ಹೋಗೋದು ಮಾತ್ರ ಇವನದ್ದು. ಅವನ ಬೂಟು, ಅವನ ಬಿಗಿ ಪ್ಯಾಂಟು, ಅವನ ಹುಳುಕಡ್ಡಿ ಬಗ್ಗೆ ಯಾರೂ ಕೇಳಲ್ಲ. ಪಂಚೆಯವನನ್ನ ತಡೆಯೋಕೆ ಪ್ಯಾಂಟು ಹಾಕಿಸಿಕೊಂಡ ಬಡವನನ್ನ ನಿಲ್ಲಿಸ್ತಾರೆ. ಈ ವ್ಯವಸ್ಥೆ ನಡೆಯೋದೇ ಹಂಗೆ.

ಮಾಲಿನ ಬಾಗಿಲಲ್ಲಿ ಪಂಚೆಗೆ ಪ್ರವೇಶ ಇಲ್ಲ. ಗೋಕರ್ಣದ ದೇವಸ್ಥಾನದ ಬಾಗಿಲಲ್ಲಿ ಪ್ಯಾಂಟಿಗೆ ಪ್ರವೇಶ ಇಲ್ಲ, ಪಂಚೆ ಉಡಬೇಕು, ಶರ್ಟು ತೆಗೀಬೇಕು. ಶರ್ಟು ಯಾಕೆ ತೆಗೀಬೇಕು? 2024ರ ಕೊನೇಲಿ ಕೇರಳದ ಶಿವಗಿರಿ ಮಠದ ಸ್ವಾಮಿ ಸಚ್ಚಿದಾನಂದರು ಬಹಿರಂಗವಾಗಿ ಹೇಳಿದರು, ಇದು ಜನಿವಾರ ಇದೆಯೋ ಇಲ್ಲವೋ ನೋಡೋಕೆ ಶುರುವಾದ ಪದ್ಧತಿ, ಇದನ್ನ ನಿಲ್ಲಿಸಿ ಅಂತ. ನಾರಾಯಣ ಗುರುಗಳ ಮಠದಿಂದಲೇ ಬಂದ ಮಾತು. ಒಂದು ಬಾಗಿಲಲ್ಲಿ ದುಡ್ಡು ನೋಡೋಕೆ ಬಟ್ಟೆ, ಇನ್ನೊಂದು ಬಾಗಿಲಲ್ಲಿ ಜಾತಿ ನೋಡೋಕೆ ಬಟ್ಟೆ.

ಇನ್ನು ಲುಂಗಿ. ಪಂಚೆಗಾದ್ರೂ ಪರವಾಗಿ ಮಾತಾಡೋ ಜನ ಇದ್ದಾರೆ. 2014ರಲ್ಲಿ ಚೆನ್ನೈನ ಒಂದು ಕ್ರಿಕೆಟ್ ಕ್ಲಬ್ಬು ವೇಷ್ಟಿ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಒಂದೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ಕಾನೂನು ತಂತು: ವೇಷ್ಟಿ ಅಥವಾ ಸಾಂಪ್ರದಾಯಿಕ ಉಡುಪು ತೊಟ್ಟವರನ್ನ ತಡೆದರೆ ಒಂದು ವರ್ಷದ ತನಕ ಜೈಲು, 25,000 ರೂಪಾಯಿ ತನಕ ದಂಡ. ಒಳ್ಳೆ ಕಾನೂನು, ನಮ್ಮಲ್ಲೂ ಬೇಕು. ಆದ್ರೆ ಗಮನಿಸಿ. ಕಾನೂನು ಬರೋಕೆ ನ್ಯಾಯಮೂರ್ತಿಯ ಸೊಂಟಕ್ಕೇ ಅವಮಾನ ಆಗಬೇಕಾಯ್ತು. ಮತ್ತೆ ಅದು ನಿಂತಿರೋದು ಸಂಸ್ಕೃತಿ ಅನ್ನೋ ಮಾತಿನ ಮೇಲೆ. ನಾಳೆ ಚೌಕಳಿ ಲುಂಗಿ ಉಟ್ಟ ಕೂಲಿಯವನು ಹೋದ್ರೆ, ಇದು ಸಂಸ್ಕೃತಿಯೋ ಅಲ್ವೋ ಅಂತ ಯಾರು ತೀರ್ಮಾನ ಮಾಡ್ತಾರೆ? ಸಂಸ್ಕೃತಿ ಅನ್ನೋ ಸರ್ಟಿಫಿಕೇಟ್ ಕೊಡೋ ಕೌಂಟರಲ್ಲಿ ಯಾವಾಗಲೂ ಅದೇ ಗುಮಾಸ್ತರು ಕೂತಿರ್ತಾರೆ.

ಲುಂಗಿಗೆ ಇನ್ನೊಂದು ಹಣೆಪಟ್ಟಿ ಇದೆ. ಅದು ದಲಿತರ ಬಟ್ಟೆ, ಲಾರಿ ಡ್ರೈವರ್ ಬಟ್ಟೆ, ಮೀನು ಮಾರೋನ ಬಟ್ಟೆ, ಮುಸ್ಲಿಮರ ಬಟ್ಟೆ. 2019ರ ಡಿಸೆಂಬರಿನಲ್ಲಿ ಗಲಭೆ ಮಾಡೋರನ್ನ ಬಟ್ಟೆಯಿಂದಲೇ ಗುರುತಿಸಬಹುದು ಅನ್ನೋ ಅರ್ಥದ ಮಾತನ್ನ ದೇಶದ ಪ್ರಧಾನಿಯೇ ಜಾರ್ಖಂಡಿನ ಸಭೇಲಿ ಆಡಿದರು. 2022ರಲ್ಲಿ ನಮ್ಮದೇ ರಾಜ್ಯದಲ್ಲಿ ಹೆಣ್ಣುಮಕ್ಕಳ ತಲೆ ಮೇಲಿನ ಬಟ್ಟೆ ನೋಡಿ ಕಾಲೇಜು ಗೇಟು ಮುಚ್ಚಿದರು. ಅವತ್ತು ಅದು ಅವರ ಸಮಸ್ಯೆ ಅಂತ ಸುಮ್ಮನಿದ್ದ ನಮ್ಮವರಿಗೆ ಹೇಳ್ತೀನಿ: ಬಟ್ಟೆ ನೋಡಿ ಮನುಷ್ಯನನ್ನ ಅಳೆಯೋ ಕೋಲನ್ನ ಮೊದಲು ತಯಾರು ಮಾಡಿದ್ದೇ ನಮ್ಮನ್ನ ಅಳೆಯೋಕೆ. ಅದು ಯಾರ ಮೇಲೆ ಬಿದ್ದರೂ ಆ ಕೋಲಿಗೆ ನಮ್ಮ ಗುರುತಿದೆ.

ಅದೇ ಲುಂಗಿ ಮೇಲಿನವರ ಕೈಗೆ ಹೋದ್ರೆ ಏನಾಗತ್ತೆ ನೋಡಿ. 2013ರಲ್ಲಿ ಸಿನಿಮಾದಲ್ಲಿ ಲುಂಗಿ ಡ್ಯಾನ್ಸ್ ಬಂತು, ಇಡೀ ದೇಶ ಕುಣೀತು. 2018ರಲ್ಲಿ ಝಾರಾ ಅನ್ನೋ ಕಂಪನಿ ಥೇಟ್ ನಮ್ಮ ಚೌಕಳಿ ಲುಂಗಿ ಥರದ್ದನ್ನ ಸ್ಕರ್ಟ್ ಅಂತ ಸುಮಾರು 70 ಪೌಂಡಿಗೆ ಮಾರ್ತು. ಅಂದ್ರೆ ಆರು ಸಾವಿರ ರೂಪಾಯಿಗೂ ಮೇಲೆ. ನಟ ರಣವೀರ್ ಸಿಂಗ್ ಸ್ಕರ್ಟ್ ಹಾಕಿ ಬಂದ್ರೆ ದಿಟ್ಟ ಫ್ಯಾಷನ್ ಅಂತ ಪೇಪರು ಬರೆದವು. ನಾನು ಸಂತೆಯಿಂದ ತಂದ ಲುಂಗಿ ಉಟ್ಟು ಹೋದ್ರೆ ಬಟ್ಟೆ ಹಾಕ್ಕೊಂಡು ಬಾ.

ಇದು ನಮ್ಮ ದೇಶದ್ದು ಮಾತ್ರ ಕಥೆ ಅಲ್ಲ. ಸ್ಕಾಟ್ಲೆಂಡಿನ ಬೆಟ್ಟದ ಜನ ಕಿಲ್ಟ್ ಉಡ್ತಿದ್ದರು, ಗಂಡಸರ ನೆರಿಗೆ ಲಂಗ. ದಂಗೆ ಎದ್ದರು ಅಂತ 1746ರಲ್ಲಿ ಲಂಡನ್ ಸಂಸತ್ತು ಕಾನೂನು ಮಾಡಿ ಅದನ್ನ ನಿಷೇಧಿಸ್ತು. ಮೊದಲ ಸಲ ಸಿಕ್ಕಿಬಿದ್ರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಗಡಿಪಾರು. ಆದ್ರೆ ದೊರೆಯ ಸೈನ್ಯ ಸೇರಿದವನು ಉಡಬಹುದಿತ್ತು! 1782ರಲ್ಲಿ ನಿಷೇಧ ತೆಗೆದರು. 1822ರಲ್ಲಿ ದೊರೆ ನಾಲ್ಕನೇ ಜಾರ್ಜನೇ ಎಡಿನ್‌ಬರೋಗೆ ಹೋಗಿ ಕಿಲ್ಟ್ ಉಟ್ಟು ಮೆರೆದ. ಬಡವನ ಮೈಮೇಲೆ ದಂಗೆ, ದೊರೆಯ ಮೈಮೇಲೆ ಪರಂಪರೆ.

2017ರ ಜೂನಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನ ಒಂದು ಶಾಲೇಲಿ ಹುಡುಗರು ಸೆಕೆ ತಡೀಲಾರದೆ ಚಡ್ಡಿ ಹಾಕ್ಕೊಳ್ತೀವಿ ಅಂದರು. ಯೂನಿಫಾರಂ ನಿಯಮ ಒಪ್ಪಲ್ಲ ಅಂದಿತು ಶಾಲೆ. ನಿಯಮದಲ್ಲಿ ಸ್ಕರ್ಟ್ ಇತ್ತಲ್ಲ, ಹುಡುಗರು ಹುಡುಗೀರ ಸ್ಕರ್ಟ್ ಹಾಕ್ಕೊಂಡು ಬಂದರು. ಅದೇ ತಿಂಗಳು ಫ್ರಾನ್ಸಿನ ನಾಂಟ್ ನಗರದ ಬಸ್ ಡ್ರೈವರುಗಳೂ ಸ್ಕರ್ಟ್ ಹಾಕಿ ಬಸ್ ಓಡಿಸಿದರು. ನನಗೆ ಆ ಡ್ರೈವರುಗಳ ಮೇಲೆ ತುಂಬ ಗೌರವ. ಸೆಕೆಯಲ್ಲಿ ದುಡಿಯೋನ ಮೈಗೆ ಏನು ಬೇಕು ಅನ್ನೋದು ಫ್ಯಾಷನ್ ವಿಷಯ ಅಲ್ಲ, ಕಾರ್ಮಿಕರ ಹಕ್ಕು ಅಂತ ಅವರು ಬೀದೀಲಿ ತೋರಿಸಿದರು. ಫಿಜಿ ದೇಶದ ಪೊಲೀಸರು ಇವತ್ತಿಗೂ ಸುಲು ಅನ್ನೋ ಲಂಗ ತೊಟ್ಟೇ ಡ್ಯೂಟಿ ಮಾಡ್ತಾರೆ. ಬರ್ಮಾದಲ್ಲಿ ಗಂಡಸರು ಲೌಂಜಿ ಉಟ್ಟು ಆಫೀಸಿಗೆ ಹೋಗ್ತಾರೆ. ಯಾವ ಆಫೀಸೂ ಬಿದ್ದು ಹೋಗಿಲ್ಲ.

ಇನ್ನು "ಹೆಂಗಸರ ಥರ ಲಂಗ" ಅಂತ ನಗೋರಿಗೆ. ಹೆಂಗಸರ ಥರ ಇದ್ದರೆ ಅವಮಾನ ಯಾಕೆ? ಹೆಣ್ಣು ಕೀಳು ಅಂತ ನೀವು ಮೊದಲೇ ತೀರ್ಮಾನ ಮಾಡಿದ್ದೀರಿ, ಅದಕ್ಕೆ. ನಮ್ಮ ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹೆಸರಲ್ಲಿ ಸೀರೆ ಉಡೋ ಜೋಗಪ್ಪಗಳಿದ್ದಾರೆ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ವೇದಿಕೆ ಮೇಲೆ ಚಪ್ಪಾಳೆ ಹೊಡೆದ ಕೈಗಳೇ ಬಸ್ ಸ್ಟ್ಯಾಂಡಲ್ಲಿ ಜೋಗತಿಯರನ್ನ ತಳ್ಳತ್ವೆ. ಬಟ್ಟೆಯ ಮೂಲಕ ತನ್ನ ಲಿಂಗ ಗುರುತನ್ನ ಹೇಳಿಕೊಳ್ಳೋದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟು 2014ರಲ್ಲೇ ನಾಲ್ಸಾ ತೀರ್ಪಿನಲ್ಲಿ ಹೇಳಿಯಾಗಿದೆ.

ಇಷ್ಟೆಲ್ಲ ಬರೆದು ನನ್ನ ಹೆಂಡತಿಗೆ ಓದಿ ತೋರಿಸಿದೆ. ಅವಳು ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. "ಎಲ್ಲ ಚೆನ್ನಾಗಿದೆ. ನೀವು ಲುಂಗೀಲಿ ತಾಲ್ಲೂಕು ಆಫೀಸಿಗೆ ಹೋಗ್ತೀರಿ. ಮೊನ್ನೆ ನಾನು ನೈಟಿ ಮೇಲೆ ಟವೆಲ್ ಹಾಕ್ಕೊಂಡು ಅಂಗಡಿಗೆ ಹೊರಟರೆ, ಸೀರೆ ಉಟ್ಕೊಂಡು ಹೋಗೇ ಅಂದೋರು ಯಾರು?" ಅಂದಳು.

ನಾನೇ.

ಈ ಪೋಸ್ಟ್ ಅಲ್ಲೇ ನಿಂತುಹೋಗಬೇಕಿತ್ತು. ಎರಡು ದಿನ ಹಾಕಲೂ ಇಲ್ಲ. ಆಮೇಲೆ ಅನ್ನಿಸ್ತು, ಇದನ್ನೂ ಸೇರಿಸಿಯೇ ಹಾಕಬೇಕು. ಕಚೇರೀಲಿ ಗುಮಾಸ್ತರು ನನಗೆ ಹೇಳಿದ ಮಾತನ್ನ ನಾನು ಮನೇಲಿ ಅವಳಿಗೆ ಹೇಳಿದ್ದೆ. ಮರ್ಯಾದೆ ಅನ್ನೋ ಹೆಸರಲ್ಲೇ ಹೇಳಿದ್ದೆ. ಗೌಡರ ಜಗಲಿ ನಮ್ಮ ಮನೆ ಒಳಗೂ ಒಂದಿದೆ. ಗಂಡಸರಿಗೆ ಮಾತ್ರ ಗಾಳಿ ಬೇಕು ಅನ್ನೋ ಚಳವಳಿ ನನಗೆ ಬೇಡ. ಅವಳ ಮುಂದೆ ತಪ್ಪಾಯ್ತು ಅಂದಿದ್ದೀನಿ, ಇಲ್ಲೂ ಹೇಳ್ತಿದ್ದೀನಿ.

ನನ್ನ ಮಾತನ್ನ ತಿರುಚಬೇಡಿ. ಎಲ್ಲರೂ ಲುಂಗಿ ಉಡಿ ಅಂತ ನಾನು ಹೇಳ್ತಿಲ್ಲ. ಮಿಷನ್ ಮುಂದೆ ನಿಲ್ಲೋನು ಲುಂಗಿ ಉಡಬಾರದು, ಸಿಕ್ಕಿಕೊಳ್ಳತ್ತೆ. ಬೈಕಿಗೆ ಪ್ಯಾಂಟೇ ವಾಸಿ. ನಮ್ಮ ಹುಡುಗರು ಜೀನ್ಸು ಹಾಕಲಿ, ಸೂಟು ಹೊಲಿಸಲಿ, ಮದುವೇಲಿ ಕುದುರೆ ಏರಲಿ, ಮೀಸೆ ತಿರುವಲಿ. ತಡೆಯೋಕೆ ಬಂದೋರ ಎದುರು ನಾನೇ ಮೊದಲು ನಿಲ್ತೀನಿ. ನಾನು ಹೇಳೋದು ಇಷ್ಟು: ಏನು ಉಡಬೇಕು ಅನ್ನೋದನ್ನ ಹವಾಮಾನ, ಕೆಲಸ, ಮೈ ಮತ್ತು ಮನಸ್ಸು ತೀರ್ಮಾನ ಮಾಡಲಿ. ಜಗಲಿ ತೀರ್ಮಾನ ಮಾಡೋದು ಬೇಡ.

ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆ ಜಾಗಗಳಿಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನತ್ತೆ. ಬಟ್ಟೆ ಆ ಪಟ್ಟೀಲಿ ಇಲ್ಲ. ಜಾತಿ ಹೆಸರು ಹೇಳಿ ತಡೆಯೋಕೆ ಆಗದವರು ಈಗ ಬಟ್ಟೆ ಹೆಸರು ಹೇಳಿ ತಡೀತಾರೆ. ಆ ಸಂದು ಮುಚ್ಚಬೇಕು. ಅದಕ್ಕೆ ನಾವು ಕೇಳಬೇಕಾದ್ದು:

ಒಂದು, ಸರ್ಕಾರಿ ಕಚೇರಿಗೆ, ಮೆಟ್ರೋಗೆ, ಮಾಲಿಗೆ, ಥಿಯೇಟರಿಗೆ ಬರೋ ಜನರನ್ನ ಬಟ್ಟೆ ಕಾರಣಕ್ಕೆ ತಡೆಯೋದು ಅಪರಾಧ ಅಂತ ಕರ್ನಾಟಕದಲ್ಲೂ ಕಾನೂನು ಬರಲಿ. ಅದರಲ್ಲಿ ಸಂಸ್ಕೃತಿ ಅನ್ನೋ ಪದದ ಜೊತೆಗೆ ಲುಂಗಿ, ಕೆಲಸದ ಬಟ್ಟೆ ಅಂತಲೂ ಬಿಡಿಸಿ ಬರೆಯಲಿ.

ಎರಡು, ತಡೆದ ಸೆಕ್ಯೂರಿಟಿಯವನಿಗಿಂತ ಮೊದಲು, ತಡೀ ಅಂತ ಹೇಳಿಕೊಟ್ಟ ಮ್ಯಾನೇಜರಿಗೆ, ಮಾಲೀಕನಿಗೆ ಶಿಕ್ಷೆ ಆಗಲಿ.

ಮೂರು, ಬಿಸಿಲಲ್ಲಿ ದುಡಿಯೋ ಗುತ್ತಿಗೆ ಕಾರ್ಮಿಕರಿಗೆ, ಗಂಡಸರಿಗೂ ಹೆಂಗಸರಿಗೂ, ಹತ್ತಿಯ ಸಡಿಲ ಯೂನಿಫಾರಂ ಸಿಗಲಿ. ಯಾವುದು ಬೇಕು ಅಂತ ಹಾಕ್ಕೊಳ್ಳೋರನ್ನೇ ಕೇಳಿ.

ಕೊನೇ ಮಾತು. ಆ ಅರ್ಜಿ ಸ್ಮಶಾನದ್ದು ಅಂದೆನಲ್ಲ. ನಮ್ಮಪ್ಪ ತೀರಿಕೊಂಡಾಗ ಹೂಳೋಕೆ ಜಾಗ ಇಲ್ಲದೆ ಹಳ್ಳದ ದಂಡೇಲಿ ಮಣ್ಣು ಮಾಡಿದ್ವಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲತ್ತೆ. ಅವತ್ತು ಅವ್ವ ಪೆಟ್ಟಿಗೆಯಿಂದ ಒಂದು ಹೊಸ ಲುಂಗಿ ತೆಗೆದು ಉಡಿಸಿದಳು. ಅಂಚಿಗೆ ಕೆಸರಿಲ್ಲದ ಲುಂಗಿ. ಹೆಣ ಹೊತ್ತುಕೊಂಡು ಆ ಜಗಲಿ ಮುಂದೆಯೇ ಹೋದ್ವಿ. ಅವತ್ತು ಮಾತ್ರ ಅಪ್ಪನ ಕೈ ಸೊಂಟಕ್ಕೆ ಹೋಗಲಿಲ್ಲ.

ಬರೋ ಸೋಮವಾರ ಬೆಳಗ್ಗೆ ಮತ್ತೆ ಆ ಕಚೇರಿಗೆ ಹೋಗ್ತಿದ್ದೀನಿ. ಅದೇ ಅರ್ಜಿ, ಅದೇ ನೀಲಿ ಚೌಕಳಿ ಲುಂಗಿ. ಜೊತೆಗೆ ಬರೋರು ಬನ್ನಿ. ಪ್ಯಾಂಟಲ್ಲಿ ಬರೋರು ಪ್ಯಾಂಟಲ್ಲೇ ಬನ್ನಿ, ಸೀರೇಲಿ ಬರೋರು ಸೀರೇಲಿ, ನೈಟೀಲಿ ಬರೋರು ನೈಟೀಲೇ ಬನ್ನಿ. ಅಣ್ಣಾ, ನೀನು ನಿನ್ನ ಸೂಟಲ್ಲೇ ಬಾ. ಆದ್ರೆ ಬಾ.

ಜೈ ಭೀಮ್.